ಹರಿಗೋಲಿನ ಹನ್ನೊಂದು ಸುತ್ತು

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಹೊಳೆಯ ಮೆಟ್ಟಿಲ ಮೇಲೆ ನಿಂತು ಪಂಚೆ ಹಿಂಡುತ್ತಿದ್ದಾಗ ಪಂಪವ್ವ ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಅರ್ಜಿ ಇತ್ತು.

"ಇದಕ್ಕ ಸಹಿ ಮಾಡಬ್ಯಾಡ್ರಿ ಅಜ್ಜಾರ."

"ಮುಂಜಾನೆ ಮಾಡ್ರಿ ಅಂದಿ. ಈಗ ಬ್ಯಾಡ ಅಂತಿ."

ಆಶ್ರಮದಲ್ಲೇ ಬೆಳೆದ ಪಂಪವ್ವನಿಗೆ ಹದಿಮೂರು; ಅವಳಿಗೆ ಪೋಷಕರು ಅಜ್ಜಾರೇ. ಗಗನಯಾತ್ರಿಯಾಗುತ್ತೇನೆ ಎಂದು ಅವಳು ಹೇಳತೊಡಗಿ ಐದು ವರ್ಷವಾಗಿತ್ತು. ಆ ವರ್ಷ ಬಾಹ್ಯಾಕಾಶ ಶಿಬಿರವೊಂದಕ್ಕೆ ತಾಲ್ಲೂಕಿನಿಂದ ಒಬ್ಬರನ್ನು ಆರಿಸುವವರಿದ್ದರು. ಅರ್ಜಿ ಅಂದು ಸಂಜೆ ಐದರೊಳಗೆ ಆಚೆ ದಡದ ಶಾಲೆಗೆ ತಲುಪಬೇಕಿತ್ತು.

"ಯಾಕ ಬ್ಯಾಡ?" ಅಜ್ಜಾರು ಕೇಳಿದರು.

"ನಿನ್ನೆ ಹರಿಗೋಲಿನಾಗ ವಾಂತಿ ಮಾಡಿಕೊಂಡ್ನಿ."

ಹರಿಗೋಲೆಂದರೆ ಬುಟ್ಟಿಯಂಥ ದುಂಡನೆಯ ದೋಣಿ. ಶಾಲೆಯಿಂದ ಮರಳುವ ಮಕ್ಕಳನ್ನು ಖುಷಿಪಡಿಸಲು ಅಂಬಿಗ ಹುಲಿಗೆಪ್ಪ ಅದನ್ನು ನಡುಹೊಳೆಯಲ್ಲಿ ಗರಗರ ತಿರುಗಿಸುತ್ತಿದ್ದ.

"ಎಲ್ಲಿ ಮಾಡಿಕೊಂಡಿ? ನೀರಾಗೋ?"

"ನಮ್ಮ ಕ್ಲಾಸಿನ ಶರಣಮ್ಮನ ಚೀಲದಾಗ."

"ಅದರಾಗ ಏನಿತ್ತು?"

"ನನ್ನ ಗಣಿತದ ಪುಸ್ತಕ. ಎರವಲು ಒಯ್ದಿದ್ಲು."

"ಹಂಗಾದ್ರ ಅಕಿದೇನೂ ತಕರಾರು ಇರಂಗಿಲ್ಲ."

ಪಂಪವ್ವ ನಗಲಿಲ್ಲ. "ಹರಿಗೋಲು ತಡಿಲಾರದಾಕಿ ರಾಕೆಟ್ ಏನು ಹತ್ತತಾಳ ಅಂತ ಮುಂಜಾನಿಂದ ಎಲ್ಲಾರೂ ಆಡಿಕೊಳ್ಳಾಕ ಹತ್ಯಾರ್ರಿ. ಗಗನಯಾತ್ರಿಗಳಿಗೆ ವಾಂತಿ ಆಗಂಗಿಲ್ಲಂತ."

"ಯಾರು ಹೇಳಿದ್ರು?"

"ಶರಣಮ್ಮ."

"ಅಕಿ ಯಾವಾಗ ಹೋಗಿ ಬಂದ್ಲು?"

ಪಂಪವ್ವ ಅರ್ಜಿಯನ್ನು ಇನ್ನೊಂದು ಸಲ ಮಡಚಿದಳು.

"ಹುಲಿಗೆಪ್ಪ ಬಾಳ ತಿರುಗಿಸಿದನೇನು?"

"ಹನ್ನೊಂದು ಸುತ್ತು."

"ಅವನು ಹೇಳಿದ್ನೇ?"

"ನಾನೇ ಎಣಿಸೀನ್ರಿ. ಬಲಕ್ಕ ಏಳು, ಎಡಕ್ಕ ನಾಕು. ಏಳನೇದಕ್ಕ ವಾಂತಿ ಆತು. ಎಡಕ್ಕ ತಿರುಗಿದಾಗ ತಲಿ ಸ್ವಲ್ಪ ಹಗುರಾತು."

"ವಾಂತಿ ಆದಮ್ಯಾಲೂ ಎಣಿಸಿದಿ?"

"ನಡುವ ಬಿಟ್ರ ಲೆಕ್ಕ ತಪ್ಪತೈತಲ್ರಿ."

ಅಜ್ಜಾರು ಅವಳನ್ನೇ ನೋಡಿದರು. ಪಂಚೆಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದರು. ಕೆಳಗೆ ಹುಲಿಗೆಪ್ಪ ಹರಿಗೋಲಿನಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದ.

"ಹುಲಿಗೆಪ್ಪ, ನಿನ್ನೆ ತಿರುಗಿಸಿದಂಗ ಒಮ್ಮಿ ತಿರುಗಿಸು."

"ಬ್ಯಾಡ್ರಿ ಅಜ್ಜಾರ. ನಿಮಗ ಎಪ್ಪತ್ತೊಂದು."

"ಹುಡುಗೂರನ್ನ ತಿರುಗಿಸುವಾಗ ವಯಸ್ಸು ಕೇಳಿದ್ದೇನು?"

ಅಜ್ಜಾರು ಹತ್ತಿ ಕುಳಿತ ಮೇಲೆ ಅವನು ಹುಟ್ಟು ಹಾಕಿದ. ದಡದಿಂದ ಹತ್ತು ಮಾರು ದೂರದಲ್ಲಿ ಹರಿಗೋಲು ತಿರುಗತೊಡಗಿತು. ಅಜ್ಜಾರು ಎರಡೂ ಕೈಯಿಂದ ಅಂಚನ್ನು ಹಿಡಿದಿದ್ದರು. ಒಮ್ಮೆ ಗಡ್ಡ ಕಾಣಿಸಿತು. ಒಮ್ಮೆ ಬೆನ್ನು. ಮತ್ತೆ ಗಡ್ಡ. ದಡದಲ್ಲಿ ನಿಂತ ಪಂಪವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ನಗು ಹೊರಬಂತು.

"ಸಾಕೋ," ಎಂದರು ಅಜ್ಜಾರು.

ಹುಲಿಗೆಪ್ಪ ಅವರನ್ನು ರಟ್ಟೆ ಹಿಡಿದು ತಂದು ಮೆಟ್ಟಿಲ ಮೇಲೆ ಕೂರಿಸಿದ. ಅವರು ಕಣ್ಣು ತೆರೆಯಲಿಲ್ಲ.

"ಎಷ್ಟು ಸುತ್ತಾತ್ರಿ ಅಜ್ಜಾರ?" ಪಂಪವ್ವ ಕೇಳಿದಳು.

"ಇಪ್ಪತ್ತಿರಬೇಕು."

"ಐದು."

"ಇರಬಹುದು. ನನಗ ಹೊಳಿ ಯಾವ ಕಡೆ ಐತಿ ಅನ್ನೂದೂ ತಿಳಿವಲ್ದು."

"ನಿಮ್ಮ ಮುಂದೇ ಐತ್ರಿ. ಕಣ್ಣು ತಗೀರಿ."

ಅವರು ಕಣ್ಣು ತೆರೆದು ಕೈ ಚಾಚಿದರು. "ಪೆನ್ನು ಕೊಡು."

ಪಂಪವ್ವ ಪೆನ್ನು ಕೊಟ್ಟಳು. ಅವಳು ತಡೆಯುವುದರೊಳಗೆ ಅವರು ಅರ್ಜಿಯನ್ನೂ ಕಿತ್ತುಕೊಂಡು ತೊಡೆಯ ಮೇಲೆ ಹರಡಿದ್ದರು. ಸಹಿ ಮೊದಲ ಗೆರೆಯಲ್ಲಿ ಹೊರಟು ಮೂರನೆಯದರಲ್ಲಿ ಮುಗಿಯಿತು.

"ನಾನು ಬ್ಯಾಡ ಅಂದಿದ್ನಲ್ರಿ. ಅವರು ನನ್ನ ಆರಿಸಂಗಿಲ್ಲ."

"ಆರಿಸೂದು ಬಿಡೂದು ಅವರ ಕೆಲಸ. ಅದನ್ನೂ ನೀನೇ ಯಾಕ ಮಾಡ್ತಿ?"

ಪಂಪವ್ವ ಸೊಟ್ಟ ಸಹಿಯನ್ನೇ ನೋಡುತ್ತ ನಿಂತಳು. ಬಿಸಿಲು ನೋಡಿದಳು. ನಾಲ್ಕು ಗಂಟೆಯಾಗಿರಬೇಕು. ದಾಟಲು ಕಾಲು ಗಂಟೆ, ನಡೆಯಲು ಹತ್ತು ನಿಮಿಷ. ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದುಕೊಂಡು ಹರಿಗೋಲು ಹತ್ತಿದಳು.

"ಹೆದರಬ್ಯಾಡವ್ವ. ಇವತ್ತು ನೆಟ್ಟಗ ಹೊಡೀತೀನಿ," ಎಂದ ಹುಲಿಗೆಪ್ಪ.

"ಬ್ಯಾಡ ಕಾಕಾ. ಬಲಕ್ಕ ಮೂರು ಸುತ್ತು ತಿರುಗಿಸು, ಆಮ್ಯಾಲೆ ಎಡಕ್ಕ ಮೂರು. ಏನಾಗತೈತಿ ನೋಡೂಣು."

"ನಿನ್ನ ಗುರುಗಳೇ ವಾಸಿ. ಸಾಕು ಅಂತಾರ."

ಹರಿಗೋಲು ದಡ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಪಂಪವ್ವ ತಿರುಗಿ ಕೂಗಿದಳು.

"ಅಜ್ಜಾರ, ಅಲ್ಲಿ ಮ್ಯಾಲೆ ಹೋದಮ್ಯಾಲೂ ವಾಂತಿ ಆದ್ರ?"

ಅಜ್ಜಾರು ಇನ್ನೂ ಮೆಟ್ಟಿಲನ್ನು ಹಿಡಿದೇ ಕುಳಿತಿದ್ದರು.

"ಎಷ್ಟನೇ ಸುತ್ತಿಗೆ ಆತು ಅಂತ ಬರಕೊಂಡು ಬಾರವ್ವ. ಇಲ್ಲಿ ಕುಂತವರಿಗೆ ಹೆಂಗ ಗೊತ್ತಾಗಬೇಕು?"