ಸೌಟು ಹಿಡಿದ ಎರಡು ಕೈ

ನದಿಯ ದಂಡೆಯಲ್ಲಿ ಒಂದು ಮಠ. ಯಾವ ನದಿ ಎಂದು ಕೇಳಬೇಡಿ. ಹಿಂದೊಮ್ಮೆ ಈ ಕಥೆ ಹೇಳುವಾಗ ಕಪಿಲೆ ಎಂದಿದ್ದೆ, ಅದಕ್ಕೂ ಹಿಂದೆ ಹೇಮಾವತಿ ಎಂದಿದ್ದೆ. ಎರಡರಲ್ಲೂ ನೀರಿತ್ತು, ಕಥೆಗೇನೂ ತೊಂದರೆಯಾಗಲಿಲ್ಲ.

ಮಠದ ಗುರುಗಳ ಹೆಸರು ಗುರುಪಾದಯ್ಯ. ಅವರ ಗಡ್ಡ ಮೊಣಕಾಲು ಮುಟ್ಟುತ್ತಿತ್ತು. ಸರಿ, ಎದೆಯವರೆಗೆ ಎಂದಿಟ್ಟುಕೊಳ್ಳಿ.

ಆ ಮಠದ ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಬಂದವರನ್ನಾಗಲಿ, ಬಂದದ್ದನ್ನಾಗಲಿ ಹಿಂದಕ್ಕೆ ಕಳಿಸುವಂತಿಲ್ಲ. ಪಂಕ್ತಿಗೆ ಬಡಿಸುವವರು ಗುರುಗಳೇ. ಬಡಿಸುವ ಕೈ ಎಲ್ಲರ ಊಟ ಮುಗಿದ ಮೇಲೆ ಉಣ್ಣಬೇಕು.

ಅವರ ಶಿಷ್ಯ ಕಲ್ಲೇಶ. ಮಠದ ಕಂಪ್ಯೂಟರ್ ಅವನ ಸುಪರ್ದಿಯಲ್ಲಿತ್ತು. ಆ ಬೆಳಿಗ್ಗೆ ಅದರ ಮುಂದೆ ಕೂತಿದ್ದ ಅವನಿಗೆ ಅಳುವುದೊಂದು ಬಾಕಿ.

ಕಂಪ್ಯೂಟರ್ ಮೂಕವಾಗಿತ್ತು. ಪರದೆ ಬೆಳಗುತ್ತಿತ್ತು, ದನಿ ಮಾತ್ರ ಇಲ್ಲ.

ಇನ್ನೊಬ್ಬರ ಕಂಪ್ಯೂಟರ್ ಆಗಿದ್ದರೆ ಚಿಂತೆಯಿರಲಿಲ್ಲ. ಇದು ನೀಲಮ್ಮನ ಕಣ್ಣು.

ನೀಲಮ್ಮ ಮಠದಲ್ಲೇ ಬೆಳೆದವಳು, ಹುಟ್ಟಿನಿಂದ ಕಣ್ಣು ಕಾಣದವಳು. ಪರದೆಯ ಮೇಲಿನ ಅಕ್ಷರಗಳನ್ನು ಆ ಕಂಪ್ಯೂಟರ್ ಓದಿ ಹೇಳುತ್ತಿತ್ತು, ಅವಳು ಕೇಳಿ ಟೈಪ್ ಮಾಡುತ್ತಿದ್ದಳು. ಮರುದಿನ ಅವಳ ಪದವಿಯ ಕೊನೆಯ ಪರೀಕ್ಷೆ.

ಹೋದ ವರ್ಷ ಅವಳ ಪರವಾಗಿ ಬರೆಯಲು ಕೂತವನು, ಅವಳು ಹೇಳಿದ್ದನ್ನು ಬಿಟ್ಟು ತನಗೆ ಗೊತ್ತಿದ್ದದ್ದನ್ನು ಬರೆದಿದ್ದ. ಅವನಿಗೆ ಗೊತ್ತಿದ್ದದ್ದು ಕಮ್ಮಿ. ಅವಳು ಫೇಲಾದಳು.

ಈ ಸಲ ಮಠದ ಕಂಪ್ಯೂಟರನ್ನೇ ತರಲು ಕಾಲೇಜಿನವರು ಒಪ್ಪಿದ್ದರು. ಅದು ಮಾತಾಡಿದರೆ ಮಾತ್ರ. ಸಂಜೆಗೆ ಜೀಪು ಬರುವುದಿತ್ತು.

"ಕಲ್ಲೇಶಣ್ಣ, ಮಾತಾಡ್ತಾ ಅದು?" ನೀಲಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಆಡ್ತದೆ, ಆಡ್ತದೆ."

"ಅದೇ ಆಡೋದಾದ್ರೆ ಅದರ ಪರವಾಗಿ ನೀನ್ಯಾಕೆ ಹೇಳ್ತೀಯ?"

ಅಷ್ಟರಲ್ಲಿ ಗುರುಗಳು ಬಂದರು. ಕಂಪ್ಯೂಟರಿನ ಹಿಂಬದಿಗೆ ಇಣುಕಿದರು. ಆಲದ ಬಿಳಲಿನ ಹಾಗೆ ತಂತಿಗಳು. ಭಕ್ತರು ಕೊಟ್ಟ ಪ್ರಿಂಟರುಗಳು, ಕ್ಯಾಮೆರಾ, ಇಯರ್‌ಫೋನು, ಏನೆಂದು ಕೊಟ್ಟವರಿಗೂ ಗೊತ್ತಿಲ್ಲದ ಒಂದು ಡಬ್ಬಿ, ಎಲ್ಲವನ್ನೂ ಸಿಕ್ಕಿಸಲಾಗಿತ್ತು. ಆಯುಧಪೂಜೆಯಲ್ಲಿ ಹಚ್ಚಿದ ವಿಭೂತಿ ಇನ್ನೂ ಅಳಿಸಿರಲಿಲ್ಲ.

"ಯಾವತ್ತಿನಿಂದ ಹೀಗೆ?"

"ಹೋದ ವಾರದಿಂದ ಬುದ್ಧಿ."

"ಹೋದ ವಾರ ಏನು ಮಾಡಿದೆ?"

"ದನಿಗೆ ಹೊಸ ಡ್ರೈವರ್ ಹಾಕಿದೆ."

ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಕೆಲಸ ಹೇಳಿ ಮಾಡಿಸುವ ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಡ್ರೈವರ್. ಕಣ್ಣಿಗೆ ಕಾಣುವುದಿಲ್ಲ, ಕೂಲಿ ಕೇಳುವುದಿಲ್ಲ, ಮುನಿಸಿಕೊಳ್ಳುವುದರಲ್ಲಿ ಮಾತ್ರ ನಮ್ಮ ಮೇಸ್ತ್ರಿಗಳಿಗಿಂತ ಒಂದು ಕೈ ಮೇಲು.

"ಹಾಕಿದ ಮೇಲೆ ದನಿ ಹೋಯ್ತಾ?"

"ಹೂಂ ಬುದ್ಧಿ. ಅದಕ್ಕೇ ಇನ್ನೊಂದು ಹಾಕಿದೆ."

"ಆಮೇಲೆ?"

"ಮತ್ತೊಂದು. ಹಾಗೇ ಪ್ರಿಂಟರಿನದೂ ಬದಲಾಯಿಸಿದೆ, ಕ್ಯಾಮೆರಾದ್ದೂ ಬದಲಾಯಿಸಿದೆ."

"ಪ್ರಿಂಟರ್ ಮಾತಾಡ್ತಿತ್ತಾ?"

"ಇಲ್ಲ ಬುದ್ಧಿ. ಕೈ ಸುಮ್ಮನಿರಲಿಲ್ಲ."

"ಹಳೆಯವನ್ನ ತೆಗೆದು ಹಾಕಿದೆಯಾ?"

"ಬಂದದ್ದನ್ನ ಹೊರಗೆ ಹಾಕೋದುಂಟಾ? ಮಠದ ಕಟ್ಟಳೆ ಏನು?"

ಗುರುಗಳು ಪರದೆಯನ್ನು ನೋಡಿದರು. ಅಲ್ಲಿ ಎರಡು ಹೆಸರುಗಳ ಮೇಲೆ ಹಳದಿ ಗುರುತಿತ್ತು.

"ಇದೇನು?"

"ಜಗಳ ಅಂತ ಬುದ್ಧಿ. ಇಬ್ಬರೂ ದನಿ ನನ್ನದು ನನ್ನದು ಅಂತಾರೆ. ಕೊನೆಗೆ ಯಾರದ್ದೂ ಇಲ್ಲ."

"ಯಾವ ಇಬ್ಬರು?"

ಕಲ್ಲೇಶ ಥಟ್ಟನೆ ಎದ್ದ. "ಊಟದ ಹೊತ್ತಾಯ್ತು ಬುದ್ಧಿ."

ಊಟದ ಮನೆಯಲ್ಲಿ ಜನ ಸಾಲಾಗಿ ಕೂತಿದ್ದರು. ಎಲೆಗಳಿಗೆ ಅನ್ನ ಬಿದ್ದಿತ್ತು. ಗುರುಗಳು ಸಾರಿನ ಸೌಟನ್ನು ಕಲ್ಲೇಶನ ಕೈಗೆ ಕೊಟ್ಟರು.

"ಇವತ್ತು ನೀನು ಬಡಿಸು."

ಕಲ್ಲೇಶ ಹಿಗ್ಗಿಹೋದ. ಸಾರು ತುಂಬಿಸಿ ನೀಲಮ್ಮನ ಎಲೆಯತ್ತ ಸೌಟು ಚಾಚಿದ. ಗುರುಗಳೂ ಅದೇ ಸೌಟಿಗೆ ಕೈ ಹಾಕಿದರು. ಪಕ್ಕದ ಎಲೆಯತ್ತ ಎಳೆದರು.

ಶಿಷ್ಯ ಇತ್ತ, ಗುರು ಅತ್ತ. ಬಿಸಿ ಸಾರು ನೇರವಾಗಿ ಕಲ್ಲೇಶನ ಪಾದದ ಮೇಲೆ.

ಅವನು ಕುಣಿದ. ಆ ಕುಣಿತ ಯಾವುದೋ ಜಾತಿಯ ವೀರಗಾಸೆ ಎಂದು ಪಂಕ್ತಿಯವರು ಇವತ್ತಿಗೂ ಹೇಳುತ್ತಾರೆ, ನಾನು ಹೇಳಿಕೊಟ್ಟ ಮೇಲೆ.

"ಯಾರ ತಪ್ಪು?" ಗುರುಗಳು ಕೇಳಿದರು.

"ತಮ್ಮದು ಅನ್ನೋ ಹಾಗಿಲ್ಲ. ನನ್ನದು ಅನ್ನೋಕೆ ಮನಸ್ಸಿಲ್ಲ." ಕಲ್ಲೇಶ ಕಾಲು ಉಜ್ಜಿಕೊಂಡ. "ಇಬ್ಬರೂ ಬಡಿಸೋಕೇ ಹೊರಟದ್ದು ಬುದ್ಧಿ. ಸೌಟು ಒಂದೇ ಆಯ್ತು."

"ಹಾಗಾದರೆ ಒಬ್ಬರನ್ನ ಮಠದಿಂದ ಓಡಿಸೋಣ?"

"ಓಡಿಸೋದ್ಯಾಕೆ? ಒಬ್ಬರು ಬಡಿಸಲಿ, ಒಬ್ಬರು ಕೂತು ಉಣ್ಣಲಿ."

"ಯಾರು ಕೂರಬೇಕು?"

ಕಲ್ಲೇಶ ತಲೆ ತಗ್ಗಿಸಿದ. ಸೌಟು ಬಿಟ್ಟು ಎಲೆಯ ಮುಂದೆ ಕೂತ.

"ಹೂಂ," ಎಂದರು ಗುರುಗಳು. ಪಂಕ್ತಿ ಪೂರ್ತಿ ತಾವೇ ಬಡಿಸಿದರು.

ಉಂಡೆದ್ದು ಕಲ್ಲೇಶ ಕೆಲಸಕ್ಕೆ ಕೂತ. ಬೇಡದ ತಂತಿಗಳನ್ನೆಲ್ಲ ಕಿತ್ತ. ಪ್ರಿಂಟರುಗಳನ್ನೂ ಕ್ಯಾಮೆರಾವನ್ನೂ ಒರೆಸಿ ಗೂಡಿನಲ್ಲಿಟ್ಟ. "ನೀವು ಕೂತು ಉಣ್ಣಿ," ಎಂದ. ಹೆಸರಿಲ್ಲದ ಡಬ್ಬಿಗೂ ಹಾಗೇ ಹೇಳಿದ.

ಅತಿ ಅಗತ್ಯದ್ದನ್ನು ಮಾತ್ರ ಹಿಡಿದುಕೊಂಡು ಏಳುವಂತೆ ಕಂಪ್ಯೂಟರನ್ನು ಎಬ್ಬಿಸಿದ. ದನಿಗೆ ಮೊದಲು ಹಾಕಿದ್ದ ಒಂದನ್ನು ಬಿಟ್ಟು, ವಾರವಿಡೀ ಪೇರಿಸಿದ್ದ ಡ್ರೈವರುಗಳನ್ನು ಒಂದೊಂದಾಗಿ ತೆಗೆದ. ಆರಿಸಿದ. ಮತ್ತೆ ಹಚ್ಚಿದ.

ಮೌನ.

ಹಳದಿ ಗುರುತು ಹಾಗೇ ಇತ್ತು. ಹೊರಗೆ ಬಿಸಿಲು ಇಳಿಯುತ್ತಿತ್ತು.

"ಬೇಡದ್ದೆಲ್ಲಾ ತೆಗೆದೆ ನೀಲಮ್ಮ. ಇನ್ನೇನೂ ಉಳಿದಿಲ್ಲ."

"ಸುಳ್ಳು," ಎಂದಳು ನೀಲಮ್ಮ. ಅವಳು ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದಳು. "ತಂತಿ ಕಿತ್ತ ಸದ್ದು ಬಂತು. ಕಂಪ್ಯೂಟರಿನ ಮುಚ್ಚಳ ತೆಗೆದ ಸದ್ದೂ ಬಂತು. ತಿರುಪು ಬಿಚ್ಚಿದ ಸದ್ದು ಬರಲೇ ಇಲ್ಲ. ಮುಚ್ಚಳ ತೆಗೆದು ಸುಮ್ಮನೆ ನೋಡ್ತಾ ಕೂತೆ, ಅಲ್ವಾ?"

ಕಲ್ಲೇಶ ಮತ್ತೆ ಕಂಪ್ಯೂಟರಿನ ಒಳಗೆ ಇಣುಕಿದ.

ಒಳಗೆ ಒಂದು ಕಾರ್ಡು ಕೂತಿತ್ತು, ದನಿಯ ಕಾರ್ಡು. ಕಂಪ್ಯೂಟರಿಗೆ ಹುಟ್ಟಿನಿಂದಲೇ ತನ್ನದೊಂದು ದನಿಯಿತ್ತು. ನೀಲಮ್ಮನಿಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಲಿ ಎಂದು ಹಿಂದೆಂದೋ ಗುರುಗಳೇ ಈ ಕಾರ್ಡನ್ನು ತಂದು, ತಮ್ಮ ಕೈಯಾರೆ ತಿರುಪು ಬಿಗಿದಿದ್ದರು. ಬಹುಕಾಲ ಅದು ಚೆನ್ನಾಗಿಯೇ ನಡೆಯಿತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಯಿತು. ಅದಕ್ಕೆ ಹೊಸ ಡ್ರೈವರ್ ಬರುವಂತಿರಲಿಲ್ಲ. ಹೋದ ವಾರ ಕಲ್ಲೇಶ ಹೊಸ ಡ್ರೈವರ್ ಹಾಕಿ ಕಂಪ್ಯೂಟರಿನ ಸ್ವಂತ ದನಿಯನ್ನು ಎಬ್ಬಿಸಿದ. ಹಳೆಯದು ಜಾಗ ಬಿಡಲಿಲ್ಲ. ಅಲ್ಲಿಂದ ಜಗಳ.

"ಅದು ಬುದ್ಧಿಯವರು ಕೂರಿಸಿದ್ದು ನೀಲಮ್ಮ. ಹೇಗೆ ಕೀಳಲಿ?"

"ಬುದ್ಧಿಯವರು ನಾಳೆ ಪರೀಕ್ಷೆ ಬರೀತಾರಾ?"

"ಹಾಗನ್ನಬಾರದು."

"ಅವರು ಅದನ್ನ ತಂದದ್ದು ನನಗೆ ಕೇಳಿಸಲಿ ಅಂತ. ಈಗ ನನಗೆ ಕೇಳಿಸ್ತಿಲ್ಲ. ಕೊಟ್ಟದ್ದನ್ನ ಕಾಪಾಡ್ತೀಯೋ, ಯಾಕೆ ಕೊಟ್ಟರೋ ಅದನ್ನ ಕಾಪಾಡ್ತೀಯೋ ನೋಡು."

ಕಲ್ಲೇಶ ತಿರುಗಿ ನೋಡಿದ. ಗುರುಗಳು ಬಾಗಿಲ ಬಳಿ ಕೂತು ನದಿ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ. ಕೇಳಿಸಿತು ಎಂದೇ ನನ್ನ ಲೆಕ್ಕ. ಆ ಮನುಷ್ಯನ ಕಿವಿ ಬಹಳ ಚುರುಕು.

ಕಲ್ಲೇಶ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತ. ಕಾರ್ಡಿಗೆ ಕೈಮುಗಿದ. ತಿರುಪು ಬಿಚ್ಚಿದ. ತಿರುಪು ಕಿರ್ರೆಂದಿತು.

"ಈಗ ಬಂತು ಸದ್ದು," ಎಂದಳು ನೀಲಮ್ಮ. ಕಲ್ಲೇಶ ಕಾರ್ಡನ್ನು ಕಿತ್ತು ಪಕ್ಕಕ್ಕಿಟ್ಟ.

ಮತ್ತೆ ಹಚ್ಚಿದ. ಕಾರ್ಡಿನ ಹಳೆಯ ಡ್ರೈವರನ್ನೂ ಅಳಿಸಿ ಇನ್ನೊಮ್ಮೆ ಹಚ್ಚಿದ. ಹಳದಿ ಗುರುತು ಇರಲಿಲ್ಲ. ಬೆಳಿಗ್ಗೆ ಅವನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದ ಸಾಲು ತಾನಾಗಿ ಪರದೆಗೆ ಬಂತು. ಕಂಪ್ಯೂಟರ್ ಗಂಟಲು ಸರಿಪಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿತು:

"ಕಂಪ್ಯೂಟರ್ ಮಾತಾಡದಿದ್ದರೆ ಯಾವ ದೇವರಿಗೆ ಹರಕೆ ಹೊರಬೇಕು?"

ನೀಲಮ್ಮ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಕಲ್ಲೇಶ ಖುಷಿಗೆ, ಮತ್ತೆ ಸಿಕ್ಕಿಸಲೆಂದು ಗೂಡಿನಲ್ಲಿದ್ದ ತಂತಿಗಳನ್ನೆಲ್ಲ ಬಾಚಿಕೊಂಡ. ಬಾಗಿಲ ಬಳಿಯಿಂದ ಒಂದು ಕೆಮ್ಮು ಕೇಳಿತು. ಅವನು ಎಲ್ಲವನ್ನೂ ಕೆಳಗಿಟ್ಟು ಇಯರ್‌ಫೋನು ಒಂದನ್ನೇ ಎತ್ತಿಕೊಂಡ. ಪರೀಕ್ಷೆಯ ಕೋಣೆಯಲ್ಲಿ ಬೇಕಾದದ್ದು ಅದೊಂದೇ. ಸಿಕ್ಕಿಸಿ, ಹಚ್ಚಿ, ನೀಲಮ್ಮನ ಕಿವಿಗೆ ಕೊಟ್ಟ.

"ಕೇಳ್ತಾ?"

ಅವಳು ಸುಮ್ಮನೆ ತಲೆದೂಗಿದಳು. ಅವಳ ಬೆರಳು ಆಗಲೇ ಕೀಲಿಗಳ ಮೇಲೆ ಓಡುತ್ತಿತ್ತು.

ಜೀಪು ಬಂತು. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಹತ್ತಿಸಿದರು. ನೀಲಮ್ಮ ಅದನ್ನು ತಬ್ಬಿಕೊಂಡು ಕೂತಳು. ಜೀಪು ದಂಡೆಯ ದಾರಿ ಹಿಡಿದು ಹೋಯಿತು.

ಕಲ್ಲೇಶ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಗುರುಗಳ ಮುಂದೆ ನಿಂತ.

"ತಾವು ಕೂರಿಸಿದ್ದು ಬುದ್ಧಿ. ನಾನು ಕಿತ್ತೆ."

"ಬೆಳಿಗ್ಗೆಯೇ ಗೊತ್ತಿತ್ತಾ?"

"ಅನುಮಾನ ಇತ್ತು."

"ನನಗೂ ಇತ್ತು."

"ಮತ್ತೆ ತಾವೇ ತೆಗೀಬಹುದಿತ್ತಲ್ಲ ಬುದ್ಧಿ!"

ಗುರುಗಳು ಕಾರ್ಡಿನ ಧೂಳು ಊದಿದರು. ಮಡಿಲಲ್ಲಿಟ್ಟುಕೊಂಡರು.

ರಾತ್ರಿಯೂಟದ ಗಂಟೆ ಮೊಳಗಿತು. ಗುರುಗಳು ಎದ್ದು ಒಳಗೆ ಹೋದರು. ಸಾರಿನ ಸೌಟನ್ನು ತಂದು ಶಿಷ್ಯನ ಕೈಗಿಟ್ಟರು. ಕಲ್ಲೇಶ ಹೆದರಿ ಪಾದ ಹಿಂದಕ್ಕೆಳೆದುಕೊಂಡ.

ಗುರುಗಳು ಸೌಟಿಗೆ ಕೈ ಹಾಕಲಿಲ್ಲ. ಪಂಕ್ತಿಯ ನಡುವೆ ಜಾಗ ಮಾಡಿಕೊಂಡು, ಎಲೆಗೆ ನೀರು ಚಿಮುಕಿಸಿ, ಕಾಲು ಮಡಚಿ ಕೂತರು.

"ಹಸಿವಾಗಿದೆ ಕಲ್ಲೇಶ. ಬಡಿಸು."