ಕ್ಷೌರಿಕನ ಯಕೃತ್ತು

ವೈದ್ಯವಿದ್ಯೆ ಕಲಿಯುತ್ತಿದ್ದ ಬಸವಂತ ಗುರುಗಳನ್ನು ಕೇಳಿದ: “ಗುರುಗಳೇ, ಕುಡುಕನ ಯಕೃತ್ತಿನಲ್ಲಿ ಗಟ್ಟಿ ನಾರು ಬೆಳೆಸುವುದು ಅವನದೇ ಜೀವಕೋಶಗಳು ಎಂದಿರಿ. ಹಾಗಾದರೆ ತಪ್ಪು ಹೆಂಡದ್ದೋ, ಕೋಶಗಳದ್ದೋ?”

ಗುರುಗಳು ಕತೆ ಹೇಳಿದರು.

ಒಬ್ಬ ಕ್ಷೌರಿಕನಿದ್ದ. ಹದಿನಾರು ವರ್ಷ ಒಂದು ದಿನವೂ ಬಿಡದೆ ಕುಡಿದ. ಬರಬರುತ್ತ ಕಣ್ಣು ಹಳದಿಯಾಯಿತು, ಕೈ ನಡುಗತೊಡಗಿತು. ಅವನ ಕತ್ತಿಗೆ ಕೊರಳೊಡ್ಡುವವರೇ ಇಲ್ಲವಾದರು. ಕೊನೆಗೆ ಹೆಂಡತಿ ಅವನನ್ನು ಒಬ್ಬ ವೈದ್ಯನ ಬಳಿಗೆ ಕರೆತಂದಳು.

ವೈದ್ಯ ಸೂಜಿ ಹಾಕಿ ಯಕೃತ್ತಿನಿಂದ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. ಕ್ಷೌರಿಕ ಸಾವಿನ ಮಾತು ಕೇಳಲು ಸಿದ್ಧನಾಗಿಯೇ ಕೂತಿದ್ದ.

ವೈದ್ಯ ಹೇಳಿದ: “ಯಕೃತ್ತಿನಲ್ಲಿ ನಕ್ಷತ್ರದ ಆಕಾರದ ಕೋಶಗಳಿವೆ. ಎ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುವುದು ಅವುಗಳ ಸ್ವಭಾವ. ಹೆಂಡದಿಂದ ಪಕ್ಕದ ಕೋಶಗಳಿಗೆ ಗಾಯವಾದಾಗ ಇವು ಕೂಡಿಟ್ಟದ್ದನ್ನು ಬಿಟ್ಟು ಎದ್ದು, ಗಾಯ ಮುಚ್ಚಲು ನಾರು ಹೆಣೆಯುತ್ತವೆ. ಗಾಯ ಮಾಯ್ದರೆ ನಿಲ್ಲಿಸುತ್ತವೆ. ನೀನು ಮಾಯಲು ಬಿಡಲಿಲ್ಲ. ನಾರಿನ ಮೇಲೆ ನಾರು ಕೂತು ರಕ್ತ ಹರಿಯುವ ದಾರಿಯೇ ಬಿಗಿದಿದೆ.”

“ಅವಕ್ಕೆ ಸಾಕು ಅಂತ ಹೇಳುವುದು ಹೇಗೆ ಸ್ವಾಮಿ?” ಎಂದ ಕ್ಷೌರಿಕ.

“ನೀನು ಕುಡಿಯುವುದು ಬಿಟ್ಟರೆ ಅವಕ್ಕೇ ತಿಳಿಯುತ್ತದೆ.”

ಕುಡಿತ ಬಿಟ್ಟ ಮೊದಲ ವಾರ ವೈದ್ಯ ಅವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡ. ಕ್ಷೌರಿಕ ಬೆವರಿದ, ನಡುಗಿದ, ಮೈಮೇಲೆ ಇಲ್ಲದ ಇರುವೆಗಳನ್ನು ಕೊಡವಿದ. ಮನೆಗೆ ಹೋದ ಮೇಲೆ ಒಮ್ಮೆ ಕುಡಿದೂಬಿಟ್ಟ. ಮರುದಿನ ತಾನಾಗಿಯೇ ಬಂದು ವೈದ್ಯನ ಮುಂದೆ ತಲೆತಗ್ಗಿಸಿ ನಿಂತ. ಆಮೇಲೆ ಮುಟ್ಟಲಿಲ್ಲ.

ಎರಡು ವರ್ಷದ ನಂತರ ವೈದ್ಯ ಮತ್ತೆ ಪರೀಕ್ಷಿಸಿದ. ನಾರು ಹೆಣೆಯುವ ಕೋಶಗಳು ಕಡಿಮೆಯಾಗಿದ್ದವು; ಎಷ್ಟೋ ಕೋಶಗಳು ಮೊದಲಿನಂತೆ ಸುಮ್ಮನಾಗಿದ್ದವು. ಹಳೆಯ ನಾರು ಪೂರ್ತಿ ಹೋಗಿರಲಿಲ್ಲ. ಆದರೆ ತೆಳುವಾಗಿತ್ತು, ಯಕೃತ್ತು ಮೆತ್ತಗಾಗಿತ್ತು.

“ಅಂದರೆ ಇವರು ಉಳಿದರು ಅಂತಲೇ?” ಎಂದಳು ಹೆಂಡತಿ.

“ಉಳಿದನಮ್ಮ,” ಎಂದ ವೈದ್ಯ. ಅವಳು ಅಲ್ಲೇ ಗೋಡೆಗೊರಗಿ ಕೂತಳು. ಅಳುವೂ ಬಂತು, ನಗುವೂ ಬಂತು. ಕ್ಷೌರಿಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.

ಮುಂದಿನ ವಾರ ವೈದ್ಯ ಅವನ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು ಗಲ್ಲವೆತ್ತಿದ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು. ಒಂದು ಗೀರೂ ಬೀಳಲಿಲ್ಲ. ಕತ್ತಿ ಒರೆಸಿಟ್ಟ ಮೇಲೆ ಕ್ಷೌರಿಕ ದೀರ್ಘವಾಗಿ ಉಸಿರುಬಿಟ್ಟ.

ಬಸವಂತ ಬಿಡಲಿಲ್ಲ. “ಸರಿ ಗುರುಗಳೇ, ಆದರೆ ತಪ್ಪು ಯಾರದು?”

ಗುರುಗಳು ಹೇಳಿದರು: “ಬದುಕಬೇಕೆಂದಿದ್ದ ಕ್ಷೌರಿಕ ತಪ್ಪು ಯಾರದೆಂದು ಕೇಳಲೇ ಇಲ್ಲ. ಸಾಕು ಅನ್ನುವುದು ಹೇಗೆ ಎಂದಷ್ಟೇ ಕೇಳಿದ.”