ಹಿತ್ತಲ ಹೊಸ್ತಿಲ ಬೊಮ್ಮಕ್ಕ

ಕೇಳ್ರಪ್ಪಾ, ಕೇಳ್ರವ್ವಾ. ಬಹಳ ಹಿಂದೆ, ಈಗ ನಿಮ್ಮ ತಲೆ ಮೇಲಿರೋ ಹುಣಸೆಮರ ಇನ್ನೂ ಬೀಜದೊಳಗೆ ಮಲಗಿದ್ದ ಕಾಲದಲ್ಲಿ, ಕಲ್ಲುಗುಡ್ಡದ ಬುಡಕ್ಕೆ ಅಂಟಿಕೊಂಡು ಕಾರೆಹಟ್ಟಿ ಅಂತ ಒಂದು ಊರಿತ್ತಂತೆ. ಮೂವತ್ತೋ ನಲವತ್ತೋ ಮನೆ. ಮುಂಬಾಗಿಲೆಲ್ಲ ಬೀದಿಗೆ, ಹಿಂಬಾಗಿಲೆಲ್ಲ ಗುಡ್ಡಕ್ಕೆ. ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಹುಲ್ಲಿನ ಬಣವೆ, ಆಮೇಲೆ ಕತ್ತಾಳೆ ಬೇಲಿ, ಬೇಲಿಯಾಚೆ ಬರೀ ಬಂಡೆ. ಆ ಊರಲ್ಲಿ ಬೊಮ್ಮಕ್ಕ ಅನ್ನುವ ಹೆಂಗಸಿದ್ದಳಂತೆ.

ಬೊಮ್ಮಕ್ಕ ಶೂರಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಚೆಗೆ ಕಥೆ ಹೇಳುವವರು ಅವಳ ಕೈಗೊಂದು ಕುಡುಗೋಲು ಕೊಡುತ್ತಾರೆ, ಕಣ್ಣಲ್ಲಿ ಬೆಂಕಿ ಇಡುತ್ತಾರೆ. ಎಲ್ಲ ಸುಳ್ಳು. ಹಲ್ಲಿ ಲೊಚಗುಟ್ಟಿದರೆ ಬೆಚ್ಚುವವಳು, ಮೋಡ ಗುಡುಗಿದರೆ ಕಂಬಳಿ ಹೊದ್ದುಕೊಳ್ಳುವವಳು ಬೊಮ್ಮಕ್ಕ. ಗಂಡ ಕುರಿ ಹೊಡೆದುಕೊಂಡು ಬಡಗಲ ಸೀಮೆಗೆ ಹೋದವನು ಜ್ವರದಲ್ಲಿ ಅಲ್ಲೇ ತೀರಿಕೊಂಡಿದ್ದ. ಉಳಿದದ್ದು ನಾಲ್ಕು ವರ್ಷದ ಮಗಳೊಬ್ಬಳು, ಸಿರಿಯವ್ವ.

ಒಂದು ದಿನ ಬೊಮ್ಮಕ್ಕ ಒಳಗೆ ರಾಗಿ ಬೀಸುತ್ತಿದ್ದಳು. ಸಿರಿಯವ್ವ ಹಿತ್ತಲಲ್ಲಿ ಆಡುತ್ತಿದ್ದಳು. ಗೋಡೆ ಮೇಲೆ ಗೊರವಂಕಗಳು ಕಿರುಚಿದವಂತೆ. ಒಂದಲ್ಲ, ಎರಡಲ್ಲ, ಹತ್ತು ಗೊರವಂಕ, ಒಂದೇ ಸಮ. ಬೊಮ್ಮಕ್ಕನ ಕಿವಿಗೆ ಬಿತ್ತು. ಹಕ್ಕಿಗಳ ರಂಪ ಇದ್ದದ್ದೇ ಅಂದುಕೊಂಡು ಇನ್ನೊಂದು ಹಿಡಿ ರಾಗಿ ಹಾಕಿ ಕಲ್ಲು ತಿರುಗಿಸಿದಳು. ಆ ಹಿಡಿ ರಾಗಿ ಹಿಟ್ಟಾಗುವುದರೊಳಗೆ ಹಾವು ತನ್ನ ಕೆಲಸ ಮುಗಿಸಿ ಗೋಡೆಯ ಸಂದಿಗೆ ಹೋಗಿತ್ತಂತೆ.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಬೊಮ್ಮಕ್ಕ ಹಿತ್ತಲಿಗೆ ಕಾಲಿಡಲಿಲ್ಲ. ನೀರಿಗೆ, ಸೌದೆಗೆ ಎಲ್ಲ ಮುಂಬಾಗಿಲಿಂದಲೇ. ಆದರೆ ಹಿತ್ತಲನ್ನು ಬಿಟ್ಟಿರುವುದಕ್ಕೂ ಆಗಲಿಲ್ಲ. ಹಿಂಬಾಗಿಲ ಹೊಸ್ತಿಲ ಒಳಗೆ, ಬಾಗಿಲುವಾಡಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕೈಯಲ್ಲಿ ಉಣ್ಣೆ ನೂಲುವ ಕದಿರು, ಕಣ್ಣು ಹೊರಗೆ. ಕಂಬಳಿ ನೇಯುವವರಿಗೆ ನೂಲು ಕೊಟ್ಟು ಹೊಟ್ಟೆ ಹೊರೆದಳು. ಹಾಗೆ ಒಂಬತ್ತು ವರ್ಷ ಕೂತಳು ಅಂತಾರೆ.

ಮೊದಲ ವರ್ಷ ಅವಳಿಗೆ ಗೊತ್ತಿದ್ದದ್ದು ಮೂರೇ ಹಕ್ಕಿ: ಕಾಗೆ, ಗುಬ್ಬಚ್ಚಿ, ಆ ಗೊರವಂಕ. ಉಳಿದದ್ದೆಲ್ಲ ಬರೀ ರೆಕ್ಕೆ. ಕೂತು ಕೂತು ಅವಳಿಗೊಂದು ತಿಳಿಯಿತಂತೆ. ನಾವು ಬಂದು ಕೂತ ಹೊಸದರಲ್ಲಿ ಹಕ್ಕಿಗಳು ನಮ್ಮ ವಿಷಯವೇ ಮಾತಾಡುತ್ತವೆ. ಅಲುಗಾಡದೆ, ನೇರ ದಿಟ್ಟಿಸದೆ, ಓರೆಗಣ್ಣಲ್ಲಿ ನೋಡುತ್ತ ಕೂತರೆ ಒಂದು ಹೊತ್ತಿಗೆ ನಮ್ಮನ್ನು ಮರೆಯುತ್ತವೆ. ಮರೆತ ಮೇಲೆ ಆಡುತ್ತವಲ್ಲ, ಆ ಮಾತು ಕೇಳಬೇಕು. ಆಕಾಶದಲ್ಲಿ ಗಿಡುಗ ಬಂದರೆ ಒಂದು ಸೊಲ್ಲು: ಸಣ್ಣಗೆ, ಎಳೆದಂತೆ, ಆಮೇಲೆ ಹಿತ್ತಲೆಲ್ಲ ಮೌನ. ನೆಲದ ಮೇಲೆ ಹಾವು ಬಂದರೆ ಬೇರೆ ಸೊಲ್ಲು: ಗುಂಪು ಕೂಡಿ, ಕತ್ತು ಬಗ್ಗಿಸಿ, ಒಂದೇ ಕಡೆ ನೋಡುತ್ತ ಬೈಗುಳ. ಬೆಕ್ಕು ಬಂದರೆ ಬೈಗುಳ ನಿಂತಲ್ಲಿ ನಿಲ್ಲದು, ಬೆಕ್ಕಿನ ಜೊತೆಗೇ ಮರದಿಂದ ಮರಕ್ಕೆ ಸಾಗುತ್ತದೆ. ಹೆದರಿದವಳಿಗೆ ಹೆದರಿದವರ ಭಾಷೆ ಬೇಗ ಬಂತು ಅಂತ ನಮ್ಮ ಹಿರೀಕರು ಹೇಳುತ್ತಿದ್ದರು.

ಭಾಷೆ ಬಂದದ್ದೇ ಅವಳಿಗೆ ಮುಳುವಾಯಿತು. ಒಂದು ಸಲ ಪಕ್ಕದ ಮನೆಯವರಿಗೆ, "ಇವತ್ತು ಆ ಮೂಲೆಗೆ ಮಕ್ಕಳನ್ನ ಬಿಡಬ್ಯಾಡ್ರಿ" ಅಂದಳು. ಸಂಜೆ ಆ ಮೂಲೆಯಲ್ಲಿ ನಾಗರಹಾವು ಸಿಕ್ಕಿತು. ಇನ್ನೊಂದು ಸಲ, ಮತ್ತೊಂದು ಸಲ. ಜನ ಕೈಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಇವಳಿಗೆ ಹೆಂಗೆ ಗೊತ್ತಾಯ್ತು ಅಂದರು. ಇವಳೇ ಕರೀತಾಳೆ ಅಂದರು. ಹಕ್ಕಿ ಬಾಯಲ್ಲಿ ಹೇಳಿ ಕಳಿಸ್ತಾಳೆ ಅಂದರು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಪಕ್ಕದ ಮನೆಯ ದ್ಯಾಮಕ್ಕ. ಎರಡು ಕೂಸು ಕಳಕೊಂಡು ಮೂರನೆಯದನ್ನು ಹೆತ್ತಿದ್ದ ಹೆಂಗಸು ಅವಳು. ಬೊಮ್ಮಕ್ಕನ ನೆರಳು ಕೂಸಿನ ಮೇಲೆ ಬೀಳದಂತೆ ಸೆರಗು ಅಡ್ಡ ಹಿಡಿಯುತ್ತಿದ್ದಳಂತೆ.

ಅಷ್ಟರಲ್ಲಿ ಚಿರತೆಯ ವರ್ಷ ಬಂತು.

ಮೊದಲು ನಾಯಿಗಳು ಹೋದವು. ಆಮೇಲೆ ಕುರಿಮರಿ. ಆಮೇಲೆ ಜಗಲಿಯ ಮೇಲೆ ಮಲಗಿದ್ದ ಒಬ್ಬ ಮುದುಕ. ಬೆಳಗ್ಗೆ ನೋಡಿದರೆ ಚಾಪೆ ಇತ್ತು, ಊರುಗೋಲಿತ್ತು, ಅವನಿರಲಿಲ್ಲ. ಆಮೇಲೆ ಸಗಣಿ ಆಯಲು ಹೋದ ಏಳು ವರ್ಷದ ಹುಡುಗಿ. ಊರು ಉಸಿರು ಹಿಡಿಯಿತು. ಹೊತ್ತು ಕಂತುವ ಮೊದಲೇ ಅಗುಳಿ ಬೀಳುತ್ತಿತ್ತು. ಬೋನು ಇಟ್ಟರು, ಬೋನಿನಲ್ಲಿ ಮೇಕೆ ಕಟ್ಟಿದರು. ಮೇಕೆ ಮೂರು ದಿನ ಅರಚಿ ಗಂಟಲು ಬಿದ್ದುಹೋಯಿತೇ ಹೊರತು ಚಿರತೆ ಅತ್ತ ಸುಳಿಯಲಿಲ್ಲ. ಬೋನಿಗೆ ಬೀಳದ್ದು ಮೃಗವಲ್ಲ ಅಂದರು ಜನ. ಯಾರೋ ಕಳಿಸಿದ್ದು ಅಂದರು. ಯಾರು ಅಂತ ಹೇಳಲಿಲ್ಲ, ಆದರೆ ಎಲ್ಲರ ಕಣ್ಣೂ ಒಂದೇ ಮನೆಯ ಕಡೆ ತಿರುಗಿತು.

ಊರಗೌಡ ನಾಲ್ಕು ಜನರನ್ನು ಕಟ್ಟಿಕೊಂಡು ಬೊಮ್ಮಕ್ಕನ ಮುಂಬಾಗಿಲಿಗೆ ಬಂದನಂತೆ. ಒಳ್ಳೆಯವನೇ. ತಲೆ ತಗ್ಗಿಸಿ, "ಬೊಮ್ಮವ್ವಾ, ಊರಿನ ಬಾಯಿ ಕಟ್ಟಾಕೆ ನನ್ ಕೈಲಿ ಆಗಲ್ಲ. ಅಮಾಸೆ ಒಳಗೆ ನೆಂಟರ ಊರಿಗೆ ಹೊಂಟೋಗು" ಅಂದ.

ಬೊಮ್ಮಕ್ಕನ ಬಾಯಲ್ಲಿ ಒಂದು ಮಾತಿತ್ತು. ನಾಲ್ಕು ದಿನದಿಂದ ಬೆಳಗಾಗುತ್ತಲೇ ಬೇಲಿಯ ಉದ್ದಕ್ಕೂ ಹರಟೆಮಲ್ಲಗಳು, ಅದೇ, ಏಳೇಳರ ಗುಂಪು ಕಟ್ಟಿ ತರಗೆಲೆ ಕೆದಕುವ ಬೂದು ಹಕ್ಕಿಗಳು, ಬೈಯುತ್ತ ಸಾಗುತ್ತಿದ್ದವು. ಬೆಕ್ಕಿಗೆ ಬೈಯುವ ಬೈಗುಳವೇ, ಆದರೆ ದೊಡ್ಡದು, ಗಂಟಲು ಹರಿಯುವಂಥದು. ಚಿರತೆ ದೂರದ ಗವಿಯಲ್ಲಿಲ್ಲ, ಬೇಲಿಯ ಬುಡದಲ್ಲಿ ಹಾದುಹೋಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ಹೇಳಿದರೆ ಮತ್ತೆ, ನಿನಗೆ ಹೆಂಗೆ ಗೊತ್ತು ಅನ್ನುತ್ತಾರೆ. ಹೆದರಿಕೆಯಾಯಿತು. ನುಂಗಿಕೊಂಡಳು. "ಆಗಲಿ ಗೌಡ್ರೇ" ಅಂದಳು, ಅಷ್ಟೇ.

ಆದರೂ ಮನಸ್ಸು ತಡೆಯದೆ ದ್ಯಾಮಕ್ಕನಿಗೆ ಗೋಡೆಯ ಈಚೆಯಿಂದ ಹೇಳಲು ಹೋದಳಂತೆ. "ತಂಗೀ, ಕೂಸನ್ನ ಹಿತ್ತಲಲ್ಲಿ..." ಅನ್ನುವಷ್ಟರಲ್ಲಿ ದ್ಯಾಮಕ್ಕ ಥೂ ಎಂದು ಉಗಿದು, "ನಿನ್ ಬಾಯಲ್ಲಿ ನನ್ ಕೂಸಿನ ಸುದ್ದಿ ಬರಬ್ಯಾಡ!" ಅಂದು ಒಳಗೆ ಹೋಗಿಬಿಟ್ಟಳು.

ಅಮಾವಾಸ್ಯೆಗೆ ಎರಡು ದಿನ ಇತ್ತು. ಊರ ಗಂಡಸರೆಲ್ಲ ಈಟಿ, ತಮಟೆ ಹಿಡಿದು ಗುಡ್ಡ ಹತ್ತಿದರು. ಮೇಲಿಂದ ತಮಟೆ ಬಡಿದು ಚಿರತೆಯನ್ನು ಆಚೆ ಕಾಡಿಗೆ ಓಡಿಸುವುದು ಅಂತ ಮಾತು. ನಡುಮಧ್ಯಾಹ್ನದ ಬಿಸಿಲು. ತಮಟೆಯ ಸದ್ದು ಕೇಳಿ ಹೆಂಗಸರಿಗೆ ಧೈರ್ಯ ಬಂತು, ಮೃಗ ಗುಡ್ಡದ ಮೇಲಿದೆ ಅಂತ. ದ್ಯಾಮಕ್ಕ ಒಳಗಿನ ಸೆಕೆ ತಾಳದೆ ಹಿತ್ತಲ ಬೇವಿನಮರಕ್ಕೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಒಲೆಯ ಮುಂದೆ ಹೋದಳು.

ಬೊಮ್ಮಕ್ಕ ಹೊಸ್ತಿಲಲ್ಲಿದ್ದಳು. ಬೇಲಿಯ ಕೊನೆಯಲ್ಲಿ ಹರಟೆಮಲ್ಲಗಳು ಶುರುಮಾಡಿದವು. ಬೈಗುಳ ಹತ್ತಿರ ಬಂತು. ಮೂರನೇ ಮನೆ, ಎರಡನೇ ಮನೆ. ತಮಟೆ ಅದನ್ನು ಆಚೆಗೆ ಓಡಿಸಿರಲಿಲ್ಲ, ಊರಿಗೇ ಇಳಿಸಿತ್ತು. ದ್ಯಾಮಕ್ಕನ ಹಿತ್ತಲಿಗೆ ಬಂದು ಬೈಗುಳ ಮುಂದೆ ಸಾಗದಾಯಿತು. ನಿಂತಲ್ಲೇ ನಿಂತಿತು. ಅಂದರೆ ಮೃಗ ಹೊಂಚಿ ಮಲಗಿದೆ. ನೋಡುತ್ತಿದೆ.

ಕೂಗಬಾರದಿತ್ತೇ ಅಂತ ನೀವು ಕೇಳುತ್ತೀರಿ. ಕೂಗಿದಳಂತೆ. ಬರೀ ಗಾಳಿ ಬಂತಂತೆ.

ಒಂಬತ್ತು ವರ್ಷ ದಾಟದ ಹೊಸ್ತಿಲು ಅದು. ಬೊಮ್ಮಕ್ಕನ ಕಾಲು ಬರಲಿಲ್ಲ. ಬಾಗಿಲುವಾಡ ಹಿಡಿದು ನಿಂತಳು, ಕೈ ಬಿಡಲಿಲ್ಲ. ಆಗ ಜೋಲಿಯೊಳಗಿನ ಕೂಸು ಎದ್ದು ಸಣ್ಣಗೆ ಕುಂಯ್ ಅಂದಿತು. ಅದಾದ ಮೇಲೆ ಯಾವಾಗ ಇಳಿದಳೋ, ಮೋಟುಗೋಡೆ ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಕಾಲ ಕೆಳಗೆ ಮಣ್ಣು ಸುಡುತ್ತಿತ್ತು, ಅದಷ್ಟೇ ಗೊತ್ತು.

ಬೇವಿನಮರದ ಮೇಲೆ ಹಕ್ಕಿಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದವು. ಹರಟೆಮಲ್ಲ, ಗೊರವಂಕ, ಕವಲುಬಾಲದ ಒಂದು ಕಾಜಾಣ. ಎಲ್ಲ ಬಣವೆಯ ಬುಡ ನೋಡುತ್ತಿದ್ದವು. ಬೊಮ್ಮಕ್ಕ ಬಣವೆಯ ಕಡೆ ಕಣ್ಣು ಹಾಯಿಸಲಿಲ್ಲ. ನೋಡಿದರೆ ಅಲ್ಲೇ ನಿಂತುಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಜೋಲಿಯಿಂದ ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡಳು. ಕಣ್ಣು ಮುಚ್ಚಿ, ದ್ಯಾಮಕ್ಕನ ಬಾಗಿಲ ಕಡೆಗೆ ಹಿಮ್ಮುಖವಾಗಿ ಒಂದು ಹೆಜ್ಜೆ ಇಟ್ಟಳು. ಬೈಗುಳ ಅಲ್ಲೇ ಇತ್ತು. ಇನ್ನೊಂದು ಹೆಜ್ಜೆ. ಅಲ್ಲೇ ಇತ್ತು. ಬೈಗುಳ ಕೊಂಚ ಜರುಗಿದರೆ ಅವಳು ನಿಲ್ಲುವಳು, ಉಸಿರೂ ನಿಲ್ಲುವುದು. ಬೈಗುಳ ಮತ್ತೆ ಒಂದೇ ಕಡೆ ನೆಲೆನಿಂತರೆ ಅವಳು ಹೆಜ್ಜೆ ಇಡುವಳು. ಕಿವಿಯನ್ನೇ ಕಣ್ಣು ಮಾಡಿಕೊಂಡು ಹಾಗೆ ಹದಿನೇಳು ಹೆಜ್ಜೆ ನಡೆದಳು ಅಂತಾರೆ. ಹನ್ನೊಂದು ಅನ್ನುವವರೂ ಇದ್ದಾರೆ.

ಹದಿನೇಳನೆಯ ಹೆಜ್ಜೆಗೆ ಹಿಂದಿನಿಂದ ದ್ಯಾಮಕ್ಕನ ದನಿ ಬಂತು. "ಅಯ್ಯೋ ಪಾಪಿ, ನನ್ ಕೂಸು!" ಬಾಗಿಲಿಗೆ ಬಂದವಳಿಗೆ ಕಂಡದ್ದು ಬೊಮ್ಮಕ್ಕ, ಬೊಮ್ಮಕ್ಕನ ತೋಳಲ್ಲಿ ತನ್ನ ಕೂಸು. ಹಾರಿ ಬಂದು ಕಿತ್ತುಕೊಂಡಳು. ಕಿತ್ತುಕೊಂಡು ತಲೆ ಎತ್ತಿದವಳಿಗೆ ಬಣವೆಯ ಬುಡದಲ್ಲಿ ಎರಡು ಹಳದಿ ಕಣ್ಣು ಕಂಡವು.

ಒಂದೇ ನೆಗೆತಕ್ಕೆ ಒಳಗೆ ಹೋದಳು. ಬಾಗಿಲು ಹಾಕಿದಳು. ಅಗುಳಿ ಬಿತ್ತು.

ಬೊಮ್ಮಕ್ಕ ಎರಡು ಹೆಜ್ಜೆ ಹಿಂದಿದ್ದಳು.

ಹಕ್ಕಿಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವಂತೆ. ಆ ಮೌನ ಕೇಳಿ ಗುಡ್ಡದ ಮೇಲಿನ ಗಂಡಸರ ಕೈಯೂ ತಮಟೆಯ ಮೇಲೆ ನಿಂತಿತು ಅಂತಾರೆ. ಆಮೇಲೆ ದ್ಯಾಮಕ್ಕನ ಚೀರಾಟ ಕೇಳಿ ಬಿದ್ದು ಎದ್ದು ಓಡಿಬಂದರು. ಎರಡು ಗೋಡೆಗಳ ಮೂಲೆಯಲ್ಲಿ ಸಿಕ್ಕಿದ ಚಿರತೆಯನ್ನು ಈಟಿಯಲ್ಲಿ ತಿವಿದು ಮುಗಿಸಿದರು. ಮುದಿ ಚಿರತೆ, ಒಂದು ಕೋರೆ ಮುರಿದದ್ದು. ಮಾಟವಲ್ಲ, ಮಂತ್ರವಲ್ಲ, ಹಸಿದ ಮೃಗ.

ಬೊಮ್ಮಕ್ಕ ಹಾಕಿದ ಬಾಗಿಲಿಗೆ ಒರಗಿ ಕೂತಿದ್ದಳು. ಹೆಗಲಿಂದ ಕೆಳಗೆ ಸೀರೆ ನೆನೆದಿತ್ತು. ಅವಳು ಹಕ್ಕಿಯಾಗಿ ಹಾರಿಹೋದಳು ಅಂತ ಕೆಲವರು ಹಾಡು ಕಟ್ಟಿದ್ದಾರೆ. ಅದನ್ನೂ ನಂಬಬೇಡಿ. ಸಂಜೆಯವರೆಗೆ ಉಸಿರಿತ್ತು. ದ್ಯಾಮಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ಬಾಗಿಲು ಹಾಕಿಬಿಟ್ನಲ್ಲೇ, ನಿನ್ನ ಹೊರಗಿಟ್ಟು ಬಾಗಿಲು ಹಾಕಿಬಿಟ್ನಲ್ಲೇ" ಅಂತ ಎದೆ ಬಡಿದುಕೊಂಡಳು.

ಬೊಮ್ಮಕ್ಕ ಕಣ್ಣು ಬಿಟ್ಟು, "ಹೆದರಿದ್ದೆ ಕಣೆ ನೀನು. ನಂಗೊತ್ತು ಅದು" ಅಂದಳಂತೆ. ಅಷ್ಟೇ ಅಂದದ್ದು. ಹಕ್ಕಿ ಗೂಡು ಸೇರುವ ಹೊತ್ತಿಗೆ ಪ್ರಾಣ ಹೋಯಿತು.

ಕಾರೆಹಟ್ಟಿಯಲ್ಲಿ ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಹೊಸದಾಗಿ ಬಂದ ಸೊಸೆಯನ್ನು ಅತ್ತೆ ಮೊದಲ ವಾರವೇ ಹಿತ್ತಲ ಬಾಗಿಲಲ್ಲಿ ಕೂರಿಸಿ, ಒಂದು ಹಕ್ಕಿಯನ್ನು ಕಣ್ಣು ಮುಚ್ಚಿಯೂ ಗುರುತಿಸುವವರೆಗೆ ಏಳಗೊಡುವುದಿಲ್ಲ. ಹೊತ್ತು ಮುಳುಗುವಾಗ ಆ ಊರಿಗೆ ಹೋಗಿ ನೋಡಿ. ಹಿಂಬಾಗಿಲು ಹಾಕುವ ಮೊದಲು ಪ್ರತಿ ಮನೆಯ ಹೆಂಗಸೂ ಕದದ ಮೇಲೆ ಕೈಯಿಟ್ಟು, ಕತ್ತಲಾಗುತ್ತಿರುವ ಹಿತ್ತಲ ಕಡೆ ನೋಡಿ ಕೇಳುತ್ತಾಳೆ:

"ಬೊಮ್ಮಕ್ಕಾ, ಒಳಗೆ ಬಂದ್ಯಾ?"

ಎಲ್ಲೋ ಒಂದು ಹಕ್ಕಿ ದನಿ ಕೊಡುವವರೆಗೆ ಕಾಯುತ್ತಾಳೆ. ದನಿ ಕೇಳಿದ ಮೇಲೆಯೇ ಅಗುಳಿ ಹಾಕುತ್ತಾಳೆ.